ಎಲೆಯ ಲೆಕ್ಕ

ನಮ್ಮ ಶ್ರೀರಾಂಪುರದ ಕಡೆಯ ತೆಂಗಿನ ತೋಟಗಳಲ್ಲಿ ನಡುಹಗಲು ನಿಂತವರಿಗೆ ನೆರಳಿನ ಸುಖವು ತಿಳಿಯುವುದೇ ಹೊರತು, ತಲೆಯ ಮೇಲೆ ನಡೆಯುತ್ತಿರುವ ಕಾರ್ಯವು ತಿಳಿಯದು. ಆ ಗರಿಗಳ ಹಸುರಿನಲ್ಲಿ ಬೆಳಕನ್ನು ಹಿಡಿಯುವ ಪ್ರೋಟೀನುಗಳಿವೆ. ಅಂತಹ ಪ್ರೋಟೀನುಗಳನ್ನು ಎಲೆಯಿಂದ ಬೇರ್ಪಡಿಸಿ, ವಿದ್ಯುತ್ತನ್ನುಂಟುಮಾಡುವ ಸೌರಕೋಶಗಳಲ್ಲಿ ಹೂಡಬಹುದೆಂಬುದನ್ನು ವಿಜ್ಞಾನಿಗಳು ಮಾಡಿ ತೋರಿಸಿರುವರು. ೨೦೧೨ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದವರು ಪಾಲಕ್ ಸೊಪ್ಪಿನಿಂದ ‘ಫೋಟೋಸಿಸ್ಟಮ್ ೧’ ಎಂಬ ಪ್ರೋಟೀನಿನ ಕೂಟವನ್ನು ತೆಗೆದು, ಸಿಲಿಕಾನ್ ಬಿಲ್ಲೆಯ ಮೇಲೆ ಲೇಪಿಸಿ, ಚದರ ಸೆಂಟಿಮೀಟರಿಗೆ ಸುಮಾರು ೮೫೦ ಮೈಕ್ರೋಆಂಪಿಯರಿನಷ್ಟು ಪ್ರವಾಹವನ್ನು ಪಡೆದರು. ಬಳಕೆಯಲ್ಲಿರುವ ಸಿಲಿಕಾನ್ ಕೋಶವು ಇದರ ನಾಲ್ವತ್ತು ಮಡಿಯಷ್ಟು ಕೊಡುತ್ತದೆ. ಆದರೂ ಈ ಪ್ರೋಟೀನಿನ ಚಾತುರ್ಯವನ್ನು ಹಗುರವಾಗಿ ಕಾಣಲಾಗದು. ತಾನು ಹೀರಿದ ಬೆಳಕಿನ ಪ್ರತಿಯೊಂದು ಕಣಕ್ಕೂ ಹೆಚ್ಚುಕಡಮೆ ಒಂದೊಂದು ಎಲೆಕ್ಟ್ರಾನನ್ನು ಅದು ಸಾಗಿಸಬಲ್ಲುದು.

ಇದು ಸಸ್ಯಕ್ಕೆ ಮಾಡಿದ ಅನ್ಯಾಯವೆಂದು ಕೆಲವರಿಗೆ ತೋರೀತು. ನನಗೆ ಹಾಗೆ ತೋರದು. ಸಾರಿಗೆ ಸೊಪ್ಪನ್ನು ಬೇಯಿಸುವಾಗ ಇಲ್ಲದ ಅಳುಕು ಪ್ರಯೋಗಶಾಲೆಯಲ್ಲಿ ಮಾತ್ರ ಏಕೆ ಹುಟ್ಟಬೇಕು? ನನ್ನ ಸಂಶಯವು ಬೇರೆ. ಒಂದು ಜೀವಿಯಿಂದ ನಮಗೆ ಬೇಕಾದ ಕಾರ್ಯವನ್ನಷ್ಟೇ ಎತ್ತಿಕೊಂಡು, ಅದೇ ಆ ಜೀವಿಯ ಸಾರವೆಂದು ಎಣಿಸುವುದು ಸರಿಯೇ?

ಎಲೆಯೊಳಗೆ ‘ಫೋಟೋಸಿಸ್ಟಮ್ ೨’ ಎಂಬ ಮತ್ತೊಂದು ಕೂಟವುಂಟು. ನೀರನ್ನು ಒಡೆದು ಆಮ್ಲಜನಕವನ್ನು ಬಿಡುವುದು ಇದೇ. ಇದರಲ್ಲಿರುವ ‘ಡಿ೧’ ಎಂಬ ಪ್ರೋಟೀನು ಬೆಳಕಿನ ಕೆಲಸದಲ್ಲಿ ತೊಡಗಿದ್ದಂತೆಯೇ ಬೆಳಕಿನಿಂದ ಕೆಡುತ್ತದೆ. ಬಿಸಿಲು ಪ್ರಖರವಾಗಿದ್ದರೆ ಅರ್ಧ ಗಂಟೆಗೊಮ್ಮೆ ಎಂಬಷ್ಟು ಬೇಗ ಎಲೆಯು ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುತ್ತದೆ. ಮೊದಲನೆಯ ಕೂಟವು ಇದಕ್ಕಿಂತ ಗಟ್ಟಿ. ಪ್ರಯೋಗಕ್ಕೆ ಅದನ್ನಾರಿಸಿಕೊಳ್ಳುವುದಕ್ಕೆ ಅದೂ ಒಂದು ಕಾರಣ. ಆದರೆ ಎಲೆಯನ್ನು ಬಿಟ್ಟು ಬಂದ ಮೇಲೆ ಅದು ಕೆಟ್ಟರೆ ಸರಿಮಾಡುವವರಿಲ್ಲ. ಬೆಳೆಗಳು ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಒಂದೆರಡು ಪಾಲನ್ನು ಕೂಡಿಟ್ಟರೆ ಹೆಚ್ಚು, ಸಿಲಿಕಾನ್ ಫಲಕವಾದರೋ ಇಪ್ಪತ್ತು ಪಾಲನ್ನು ವಿದ್ಯುತ್ತಾಗಿಸುತ್ತದೆ ಎಂದು ತೂಗುವಾಗ, ಈ ದುರಸ್ತಿಯ ವೆಚ್ಚವೆಲ್ಲ ಎಲೆಯ ಲೆಕ್ಕದಲ್ಲಿ ನಷ್ಟವಾಗಿ ಬೀಳುತ್ತದೆ. ಫಲಕವು ತನ್ನನ್ನು ತಾನು ಕಟ್ಟಿಕೊಳ್ಳಲಿಲ್ಲವೆಂಬುದು ಆ ತಕ್ಕಡಿಯಲ್ಲಿ ಕಾಣದು.

ಇಂತಹ ಲೆಕ್ಕವು ಎಲೆಗೇ ನಿಲ್ಲದು. ನೆರೆಯ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ, ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು ೧೩,೦೦೦ ಎಕರೆಯಲ್ಲಿ, ೨,೦೫೦ ಮೆಗಾವಾಟಿನ ಸೌರ ಉದ್ಯಾನವು ೨೦೧೮ರಲ್ಲಿ ಆರಂಭವಾಯಿತು. ರೈತರ ಭೂಮಿಯನ್ನು ಕಸಿಯಲಿಲ್ಲ. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಗಳಿಂದ ಮೊದಲ್ಗೊಂಡು ಗುತ್ತಿಗೆಯ ಹಣವನ್ನು ಕೊಡುವ ಏರ್ಪಾಟಾಯಿತು. ಮಳೆ ಕೈಕೊಟ್ಟ ಸೀಮೆಯ ರೈತನಿಗೆ ಇದು ಸಣ್ಣ ಉಪಕಾರವಲ್ಲ. ನೆರಳಿನಲ್ಲಿ ಕುಳಿತು ಅದನ್ನು ನಿಂದಿಸುವ ಹಕ್ಕು ನಮಗಿಲ್ಲ. ಆದರೆ ಅದೇ ಹೊಲಗಳಲ್ಲಿ ಕಳೆ ಕಿತ್ತು, ಶೇಂಗಾ ಬಿಡಿಸಿ ಕೂಲಿ ಪಡೆಯುತ್ತಿದ್ದ, ಭೂಮಿಯಿಲ್ಲದವರಿಗೆ ಆ ಗುತ್ತಿಗೆಯಲ್ಲಿ ಪಾಲಿಲ್ಲ. ಹೊಲವೆಂದರೆ ಬಿಸಿಲು ಬೀಳುವ ಇಷ್ಟು ಎಕರೆ ಎಂದು ಬರೆದ ಮೇಲೆ, ಅದನ್ನು ದಿನದಿನವೂ ಹೊಲವಾಗಿ ಉಳಿಸುತ್ತಿದ್ದ ಕೈಗಳನ್ನು ಯಾವ ಕಲಮಿನಲ್ಲಿ ಬರೆಯುವುದು?

ಸೊಪ್ಪಿನ ಪ್ರೋಟೀನಿನ ಕೋಶವು ನಾಳೆ ಅಗ್ಗವಾಗಿ ಅಂಗಡಿಗೆ ಬಂದರೆ ನಾನೂ ಕೊಂಡೇನು. ಅದು ಮಂಕಾದ ದಿನ ಹೊಸ ಪ್ರೋಟೀನಿಗಾಗಿ ಯಾರೋ ಅಗೆದು, ನೀರು ಹಾಯಿಸಿ, ಬೆಳೆಸಿದ ಸೊಪ್ಪಿನ ಮಡಿಗೇ ಮರಳಿ ಬರಬೇಕಾಗುವುದು.