ಬಾಣಂತಿಯ ತೂಕ

ಅಕ್ಕನಿಗೆ ಹೆರಿಗೆಯಾದ ವಾರ ಮಾನಸಗಂಗೋತ್ರಿಯ ಹಾಸ್ಟೆಲಿನಿಂದ ಹುಣಸೂರಿನ ಮನೆಗೆ ಹೋದೆ. ಹೊಸಿಲು ದಾಟುತ್ತಲೇ ಕೇಳಿದ್ದು, ‘ಮಗು ಎಷ್ಟು ತೂಕ ಇದೆ?’ ಅಕ್ಕ ನಕ್ಕಳು. ‘ನನ್ನ ತೂಕ ಯಾರೂ ಕೇಳಲ್ಲ ಕಣೇ.’

ಅವಳ ತಾಯಿ ಕಾರ್ಡ್ ತೆಗೆದು ನೋಡಿದೆ. ಬಸುರಿಯಾಗಿದ್ದಾಗ ಪ್ರತಿ ಸಲವೂ ಅವಳ ತೂಕ ಬರೆದಿದ್ದರು. ಹೆರಿಗೆಯಾದ ಮೇಲೆ ಬರೆದದ್ದು ಮಗುವಿನದು ಮಾತ್ರ.

ತಕ್ಕಡಿ ಹೇಳುವುದಾದರೂ ಒಂದೇ ಸಂಖ್ಯೆ. ಅದರಲ್ಲಿ ಕೊಬ್ಬೆಷ್ಟು, ಸ್ನಾಯುವೆಷ್ಟು, ನೀರೆಷ್ಟು ಎಂದು ಅದಕ್ಕೆ ಗೊತ್ತಿಲ್ಲ. ಬಸಿರಿನಲ್ಲಿ ಮೈ ಹಿಡಿದಿಟ್ಟ ಹೆಚ್ಚಿನ ನೀರು ಹೆರಿಗೆಯ ನಂತರದ ದಿನಗಳಲ್ಲಿ ಇಳಿಯುತ್ತದೆ. ಕೂಡಿಟ್ಟ ಕೊಬ್ಬು ಕರಗಬಹುದು, ಉಳಿಯಲೂಬಹುದು. ತೆಳ್ಳಗೆ ಕಾಣುವ ಮೈಯಲ್ಲೂ ಸ್ನಾಯು ಕಡಿಮೆಯಾಗಿ ಕೊಬ್ಬು ಹೆಚ್ಚಿರಬಹುದು. ಇನ್ನೂ ಒಂದು ನೆಲೆಗೆ ಬಾರದ ಈ ದೇಹವನ್ನು ನಮ್ಮಜ್ಜಿ ‘ಹಸಿ ಮೈ’ ಎನ್ನುತ್ತಾಳೆ.

ಹಸಿ ಮೈಗೆ ವಿಶ್ರಾಂತಿ ಬೇಕೆಂದು ಎಲ್ಲರಿಗೂ ಗೊತ್ತು. ಆದರೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯಲ್ಲಿ ಹೊಗೆಸೊಪ್ಪು ಕೊಯ್ಲಿಗೆ ಬಂದಾಗ, ಕೆ.ಆರ್. ನಗರದ ಗದ್ದೆಗಳಲ್ಲಿ ನಾಟಿ ಶುರುವಾದಾಗ, ಕೂಲಿಯವಳ ಬಾಣಂತನ ತಾನಾಗಿ ಕುಗ್ಗುತ್ತದೆ.

2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಬಂತು. ತಿಂಗಳಿಗೆ 25 ದಿನ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ. ಅಲ್ಲೇ ಕೂತು ಉಣ್ಣಬೇಕಿತ್ತು. ಮನೆಗೆ ಕೊಟ್ಟರೆ ಅವಳ ಪಾಲು ಹಂಚಿಹೋಗುತ್ತದೆ. ಆದರೆ ಹಸಿ ಬಾಣಂತಿಯನ್ನು ಹೊಸಿಲು ದಾಟಿಸುವವರು ಯಾರು? ಸರ್ಕಾರಕ್ಕೆ ಮನೆಯ ಮೇಲೆ ನಂಬಿಕೆಯಿಲ್ಲ, ಮನೆಗೆ ಹೊರಗಿನ ಗಾಳಿಯ ಮೇಲೆ ನಂಬಿಕೆಯಿಲ್ಲ. ನಡುವೆ ಅವಳ ತಟ್ಟೆ.

ಎದೆಹಾಲುಣಿಸುವ ಮೊದಲ 6 ತಿಂಗಳು ದಿನಕ್ಕೆ 600 ಕಿಲೋಕ್ಯಾಲರಿ ಹೆಚ್ಚು ಬೇಕೆಂದು ಐಸಿಎಂಆರ್ ಹೇಳುತ್ತದೆ. ಲೆಕ್ಕ ಸರಿಯಾದದ್ದೇ. ಆದರೆ ನಾವು ಅವಳಿಗೆ ಉಣಬಡಿಸುವುದು ಹಾಲಿಗಾಗಿಯೋ, ಅವಳಿಗಾಗಿಯೋ? ಮಗು ಉಳಿಯದ ಬಾಣಂತಿಯನ್ನು ನೆನೆದರೆ ಉತ್ತರ ತಿಳಿಯುತ್ತದೆ. ಅವಳ ಮೈಯೂ ಅಷ್ಟೇ ಹಸಿ, ರಕ್ತವೂ ಅಷ್ಟೇ ಹೋಗಿರುತ್ತದೆ. ಅವಳ ಪಥ್ಯಕ್ಕೆ, ಎಣ್ಣೆನೀರಿಗೆ ಎಷ್ಟು ದಿನ ಕೈಗಳು ಒದಗುತ್ತವೆ? ಯಾರನ್ನೂ ಬರಿಯ ಸಾಧನವಾಗಿ ಕಾಣಬಾರದೆಂಬ ಕಾಂಟ್‌ನ ಮಾತನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಹೊಸಿಲಲ್ಲಿ ನಿಂತು ನಾನು ಕೇಳಿದ ಮೊದಲ ಪ್ರಶ್ನೆ ಅದನ್ನು ಮರೆತಿತ್ತು.

ಮುಂದಿನ ವಾರ ಹೋದಾಗ ಕೇಳಿದೆ, ‘ಊಟ ಆಯ್ತೇನಕ್ಕ?’

‘ಮಗು ಮಲಗ್ಲಿ, ಆಮೇಲೆ.’

ಮಗುವನ್ನು ನನ್ನ ತೊಡೆಗೆ ಹಾಕಿಕೊಂಡು ತಟ್ಟೆಯನ್ನು ಅವಳ ಮುಂದಿಟ್ಟೆ.