ಒಂದೂ ಹಾಸಿಗೆ ಹುಣ್ಣಿಲ್ಲ

1973ರಿಂದ ಮಲಗಿದಲ್ಲೇ ಇರುವ ಅರುಣಾ ಶಾನಭಾಗರ ಮೈಮೇಲೆ ಒಂದೇ ಒಂದು ಹಾಸಿಗೆ ಹುಣ್ಣೂ ಎದ್ದಿಲ್ಲ, ಒಂದು ಮೂಳೆಯೂ ಮುರಿದಿಲ್ಲ. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯವರು ಸುಪ್ರೀಂ ಕೋರ್ಟಿನ ಮುಂದೆ ಹೀಗೆ ಹೇಳಿದ್ದರು. ದಯಾಮರಣದ ಬಗ್ಗೆ 2011ರ ಮಾರ್ಚ್ 7ರಂದು ಬಂದ ಆ ತೀರ್ಪಿನಲ್ಲಿ ದೇಶವಿದೇಶಗಳ ಕಾನೂನಿನ ಚರ್ಚೆ ಪುಟಗಟ್ಟಲೆ ಇದೆ. ನನ್ನನ್ನು ತಡೆದು ನಿಲ್ಲಿಸುವುದು ಮಾತ್ರ ಈ ಒಂದು ಮಾತು.

ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಂಡವರಿಗೆ ಇದರ ಅರ್ಥ ತಾನಾಗಿ ತಿಳಿಯುತ್ತದೆ. ಒಂದೇ ಮಗ್ಗುಲಲ್ಲಿ ಮಲಗಿದ್ದರೆ ಸೊಂಟದ ಹಿಂಬದಿ, ಹಿಮ್ಮಡಿ, ಭುಜದ ಮೂಳೆ ಒತ್ತಿ ಅಲ್ಲಿನ ಚರ್ಮಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ. ಮೊದಲು ಕೆಂಪಗಾಗುತ್ತದೆ, ಆಮೇಲೆ ಒಡೆಯುತ್ತದೆ. ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬೆವರು ಮೂತ್ರ ಒರೆಸಿ ಒಣಗಿಸಬೇಕು, ಬೆನ್ನಡಿಯ ಬಟ್ಟೆಯಲ್ಲಿ ಒಂದು ಸುಕ್ಕೂ ಉಳಿಯದಂತೆ ಎಳೆಯಬೇಕು. ನಡುರಾತ್ರಿಯಲ್ಲೂ. ಕೆಲವು ದಿನ ಅಲಕ್ಷ್ಯ ಮಾಡಿದರೂ ಮೈ ಅದನ್ನು ಹೇಳಿಬಿಡುತ್ತದೆ. ಅರುಣಾ ಮಲಗಿದ್ದ ಕೋಣೆಯಲ್ಲಿ ಮೂವತ್ತೇಳು ವರ್ಷ ಮೈ ಏನನ್ನೂ ಹೇಳಲಿಲ್ಲ! ಅಷ್ಟರಲ್ಲಿ ಎಷ್ಟು ನರ್ಸ್‌ಗಳು ನಿವೃತ್ತರಾದರೋ. ಅವರು ಹಾಸಿಗೆ ಹಿಡಿದಾಗ ಹುಟ್ಟಿಯೇ ಇರದ ಹುಡುಗಿಯರು ಬಂದು ಅದೇ ಕೆಲಸವನ್ನು ಕೈಗೆತ್ತಿಕೊಂಡರು.

ಅರುಣಾ ಅವರೂ ಅಲ್ಲಿಯ ನರ್ಸೇ. ಉತ್ತರ ಕನ್ನಡದ ಹೊನ್ನಾವರ ತಾಲೂಕಿನ ಹಳದೀಪುರದವರು. ಇಪ್ಪತ್ತೈದರ ಪ್ರಾಯದಲ್ಲಿ, ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಹಲ್ಲೆ ಮಾಡಿದ. ಮಿದುಳಿಗೆ ಆಮ್ಲಜನಕ ಸಿಗದೆ ಅವರು ಮತ್ತೆ ಮಾತಿಗೆ ಮರಳಲಿಲ್ಲ. ಕೋರ್ಟು ಕಳಿಸಿದ ಮೂವರು ವೈದ್ಯರು ನೋಡಿ ಬಂದು ಬರೆದದ್ದು ಬಹಳ ಸೂಕ್ಷ್ಮವಾಗಿದೆ: ಮೀನು, ಕೋಳಿಯ ಸೂಪು ಅಂದರೆ ಇಷ್ಟ, ಕೋಣೆಯಲ್ಲಿ ಜನ ಹೆಚ್ಚಾದರೆ ಕಳವಳ, ಮೆಲ್ಲಗೆ ಸವರಿದರೆ ಸಮಾಧಾನ. ಕರಾವಳಿಯ ಮಗಳಿಗೆ ಮೀನಿನ ರುಚಿ ಉಳಿದಿತ್ತು ಎಂಬುದನ್ನು ಓದುವಾಗಲೆಲ್ಲ ಗಂಟಲು ಕಟ್ಟುತ್ತದೆ. ಅದು ನೆನಪೋ, ನಾಲಗೆಯ ಬರೀ ಪ್ರತಿಕ್ರಿಯೆಯೋ? ಪ್ರಜ್ಞೆ ಎಲ್ಲಿ ಮುಗಿಯುತ್ತದೆ ಎಂದು ಗೆರೆ ಎಳೆಯಬೇಕಾದವರ ಕೈ ನಡುಗದೆ ಇರಲು ಸಾಧ್ಯವೇ?

ಆಹಾರ ನಿಲ್ಲಿಸಿ ಅವರನ್ನು ಬಿಡುಗಡೆ ಮಾಡಿ ಎಂದು ಕೋರ್ಟಿಗೆ ಹೋದವರು ಅವರ ಬಗ್ಗೆ ಪುಸ್ತಕ ಬರೆದ ಪಿಂಕಿ ವಿರಾಣಿ. ಕರುಣೆಯಿಂದಲೇ ಹೋದರು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಮಾತಿಲ್ಲದವಳ ಪರವಾಗಿ ಮಾತಾಡುವ ಹಕ್ಕು ಯಾರದು? ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನಸುಧಾ ಮಿಶ್ರಾ, ಇಷ್ಟು ವರ್ಷ ಹಗಲಿರುಳು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಯದು ಎಂದರು. ರಕ್ತಸಂಬಂಧವಿಲ್ಲ, ಸ್ನೇಹದ ಕಾಗದಪತ್ರವಿಲ್ಲ. ಉಣ್ಣಿಸಿದ, ಒರೆಸಿದ ಕೈಗಳನ್ನು ಕಾನೂನು ಸಂಬಂಧವೆಂದು ಒಪ್ಪಿತು. ಕಾನೂನಿನ ಪುಸ್ತಕದಲ್ಲಿ ಇಂಥದ್ದು ಸಿಗುತ್ತದೆಂದು ನಾನು ಎಣಿಸಿರಲಿಲ್ಲ.

ಅರ್ಜಿ ಬಿದ್ದುಹೋಯಿತು. ಆದರೆ ಅದೇ ತೀರ್ಪು, ಜೀವರಕ್ಷಕ ಚಿಕಿತ್ಸೆಯನ್ನು ಹೈಕೋರ್ಟಿನ ಅನುಮತಿ ಪಡೆದು ನಿಲ್ಲಿಸಬಹುದು ಎಂದು ದೇಶದ ಉಳಿದವರಿಗೆ ಬಾಗಿಲು ತೆರೆಯಿತು. ಬದುಕಲಿ ಎಂದು ಹಟ ಹಿಡಿದವರು ಗೆದ್ದ ಮೊಕದ್ದಮೆಯಿಂದಲೇ ಹೋಗಲು ಬಿಡುವ ಹಕ್ಕು ಹುಟ್ಟಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು.

ನರ್ಸ್‌ಗಳ ಪ್ರೀತಿಗೆ ತಲೆಬಾಗಿದ ಮೇಲೂ ಒಂದು ಮುಳ್ಳು ಉಳಿಯುತ್ತದೆ. ಆಕೆಗೆ ಏನು ಬೇಕಿತ್ತು? ಪ್ರೀತಿಸುವವರಿಗೆ ಅದು ಗೊತ್ತಿರಲೇಬೇಕೆಂದೇನಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು, ಮುಂದೆ ತನಗೆ ಇಂಥ ಸ್ಥಿತಿ ಬಂದರೆ ಏನು ಮಾಡಬೇಕೆಂದು ಮೊದಲೇ ಬರೆದಿಡುವುದನ್ನು ಮಾನ್ಯ ಮಾಡಿತು. 2023ರಲ್ಲಿ ಅದರ ವಿಧಾನ ಸಡಿಲವಾಯಿತು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆಯೂ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಹೀಗೆ ಮೊದಲೇ ಬರೆದಿಡುವ ಪತ್ರದಲ್ಲಿ, ನಮಗೆ ಮಾತು ನಿಂತಾಗ ನಮ್ಮ ಪರವಾಗಿ ಒಪ್ಪಿಗೆ ಕೊಡಬೇಕಾದವರ ಹೆಸರು ಬರೆಯಬೇಕು. ಒಂದಕ್ಕಿಂತ ಹೆಚ್ಚು ಹೆಸರೂ ಬರೆಯಬಹುದು. ಗಂಡ, ಹೆಂಡತಿ, ಮಕ್ಕಳು ಎಂದು ಪೆನ್ನು ತಾನಾಗಿ ಓಡುತ್ತದೆ. ಎರಡು ಗಂಟೆಗೊಮ್ಮೆ ಎದ್ದು ನಮ್ಮ ಮಗ್ಗುಲು ಬದಲಿಸುವವರು ಇವರೇ ಹೌದೇ ಎಂದು ಆಗ ಒಂದು ಗಳಿಗೆ ಯೋಚಿಸಬೇಕಾಗುತ್ತದೆ.