ಇಂದಿನ ಧಮ್ಮ ಚಿಂತನೆ: ಮುಯ್ಯಿ ಪುಸ್ತಕ

 

ವೈಶಾಖ ಬಂತೆಂದರೆ ನಮ್ಮ ಜಾವಗಲ್ ಕಡೆ ಮನೆಮನೆಯ ಕಿಟಕಿ ಸರಳಿಗೆ ಲಗ್ನಪತ್ರಿಕೆಗಳು ಸಿಕ್ಕಿಕೊಳ್ಳುತ್ತವೆ. ಒಂದೇ ದಿನ ಮೂರು ಮದುವೆ. ಒಂದು ಅರಸೀಕೆರೆಯಲ್ಲಿ, ಒಂದು ಬಾಣಾವರದಲ್ಲಿ, ಇನ್ನೊಂದು ಹಳೇಬೀಡಿನಲ್ಲಿ. ಯಾವುದಕ್ಕೆ ಯಾರು ಹೋಗಬೇಕು ಎಂಬುದನ್ನು ತೀರ್ಮಾನ ಮಾಡುವುದು ಪ್ರೀತಿಯೂ ಅಲ್ಲ, ಬಸ್ಸಿನ ವೇಳಾಪಟ್ಟಿಯೂ ಅಲ್ಲ. ಬೀರುವಿನ ಮೇಲಿನ ಟ್ರಂಕಿನಲ್ಲಿರುವ ಮುಯ್ಯಿ ಪುಸ್ತಕ.

ಕಳೆದ ವಾರದ ಓದಿನಲ್ಲಿ ನಮ್ಮ ಬಳಗದ ಒಬ್ಬ ಯುವಕ ಕೇಳಿದ ಪ್ರಶ್ನೆ ಇದು: ದಾನ ಎಂದರೆ ಪ್ರತಿಫಲ ಬಯಸದೆ ಕೊಡುವುದು. ಹಾಗಿದ್ದ ಮೇಲೆ ಊಟದ ಮನೆ ಬಾಗಿಲಲ್ಲಿ ಮೇಜು ಹಾಕಿಕೊಂಡು, ಹೆಸರು ಕೂಗಿ, ಇಂಥವರು ಇಷ್ಟು ಎಂದು ಬರೆದುಕೊಳ್ಳುವುದು ಧಮ್ಮಕ್ಕೆ ವಿರುದ್ಧವಲ್ಲವೆ? ಅದು ವ್ಯಾಪಾರ, ಆ ಪುಸ್ತಕವನ್ನು ಸುಟ್ಟುಬಿಡಬೇಕು ಎಂದ. ಹಲವರು ತಲೆದೂಗಿದರು. ನನಗೆ ಒಪ್ಪಿಗೆಯಾಗಲಿಲ್ಲ. ಯಾಕೆಂದು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಪದವನ್ನೇ ನೋಡೋಣ, ಕನ್ನಡ ಮೇಷ್ಟ್ರುಗಳ ಚಾಳಿ ಬಿಡುವುದಿಲ್ಲ. ಮುಯ್ಯಿ ಎಂದರೆ ಮದುವೆಯಲ್ಲಿ ಕೊಡುವ ಉಡುಗೊರೆ, ಮುಂದೆ ಅವರಿಗೆ ಹಿಂದಿರುಗಿಸಬೇಕಾದದ್ದು. ಮುಯ್ಯಾಳು ಎಂದರೆ ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು, ಕೂಲಿ ಇಲ್ಲದ ಕೆಲಸ. ಅದೇ ಪದಕ್ಕೆ 'ತೀರಿಸಿಕೊಳ್ಳು' ಸೇರಿಸಿದರೆ ಸೇಡು. ಅಕ್ಕಿ ಕೊಟ್ಟವನಿಗೂ ಮುಯ್ಯಿ, ಹಲ್ಲು ಮುರಿದವನಿಗೂ ಮುಯ್ಯಿ. ನಮ್ಮ ಹಿರಿಯರಿಗೆ ಪದಗಳ ಬಡತನವಿತ್ತು ಎಂದು ನನಗೆ ಅನ್ನಿಸುವುದಿಲ್ಲ. ಈ ಎರಡೂ ಒಂದೇ ರೀತಿ ನಡೆಯುವುದನ್ನು ಅವರು ಕಂಡಿರಬೇಕು. ಎರಡೂ ನೆನಪಿನ ಮೇಲೆ ನಿಂತಿವೆ. ಎರಡೂ ಹೋಗಿ ಬರುವಾಗ ಬೆಳೆಯುತ್ತವೆ. ನೂರು ಕೊಟ್ಟವರಿಗೆ ನೂರಾ ಐವತ್ತು ಹೋಗುತ್ತದೆ, ಒಂದು ಮಾತು ಅಂದವರಿಗೆ ಹತ್ತು ಮಾತು ಹೋಗುತ್ತದೆ.

ಪುಸ್ತಕ ಸುಡಬಾರದು ಎನ್ನುವುದಕ್ಕೆ ನನ್ನ ಕಾರಣ ಸರಳ. ಬಡವರ ಮನೆಯ ಮದುವೆ ನಡೆಯುವುದೇ ಮುಯ್ಯಿಯಿಂದ. ಮರುದಿನ ಬೆಳಿಗ್ಗೆ ಶಾಮಿಯಾನದವನು, ಅಡುಗೆ ಭಟ್ಟರು, ವಾದ್ಯದವರು ಸಾಲಾಗಿ ಬಂದು ನಿಂತಾಗ ಕೈಗೆ ಬರುವುದು ಆ ಹಣ. ಬಡ್ಡಿ ಇಲ್ಲದ ಸಾಲ, ಜಾಮೀನಿಲ್ಲದ ಬ್ಯಾಂಕು. ಹತ್ತು ವರ್ಷ ಬೇರೆಯವರ ಮಕ್ಕಳ ಮದುವೆಗೆ ಐವತ್ತು, ನೂರು ಎಂದು ಕೊಟ್ಟುಕೊಂಡು ಬಂದ ಕೂಲಿ ಹೆಂಗಸಿಗೆ ತನ್ನ ಮಗಳ ಮದುವೆಯ ದಿನ ಅದು ಒಟ್ಟಾಗಿ ಬರುತ್ತದೆ. ಪುಸ್ತಕ ಇಲ್ಲದಿದ್ದರೆ ಐದು ಸಾವಿರ ಕೊಟ್ಟ ಸಾಹುಕಾರನನ್ನು ಊರು ನೆನಪಿಟ್ಟುಕೊಳ್ಳುತ್ತದೆ, ಐವತ್ತೊಂದು ಕೊಟ್ಟವಳನ್ನು ಮರೆಯುತ್ತದೆ. ಪುಸ್ತಕದಲ್ಲಿ ಇಬ್ಬರಿಗೂ ಒಂದೊಂದೇ ಸಾಲು.

ಭಗವಾನರು ಋಣವನ್ನು ನೆನೆಯಬೇಡಿ ಎಂದು ಹೇಳಿದವರಲ್ಲ. ಅಂಗುತ್ತರ ನಿಕಾಯದಲ್ಲಿ ಲೋಕದಲ್ಲಿ ಸಿಗುವುದು ಕಷ್ಟವಾದ ಇಬ್ಬರ ಮಾತು ಬರುತ್ತದೆ: ತಾನಾಗಿ ಮೊದಲು ಉಪಕಾರ ಮಾಡುವವನು, ಮತ್ತು ಮಾಡಿದ್ದನ್ನು ನೆನೆದು ನಡೆಯುವವನು. ಸಿಗಾಲೋವಾದ ಸುತ್ತವನ್ನು ನಾವೆಲ್ಲ ಓದಿದ್ದೇವೆ. ತಂದೆತಾಯಿ, ಗುರು, ಗಂಡಹೆಂಡತಿ, ಗೆಳೆಯರು, ಆಳುಗಳು, ಶ್ರಮಣರು ಎಂದು ಆರು ದಿಕ್ಕು. ಪ್ರತಿ ದಿಕ್ಕಿನಲ್ಲೂ ಇವರು ಮಾಡಬೇಕಾದದ್ದು, ಅದಕ್ಕೆ ಪ್ರತಿಯಾಗಿ ಅವರು ಮಾಡಬೇಕಾದದ್ದು. ಅದು ಗೃಹಸ್ಥರ ಮುಯ್ಯಿ ಪುಸ್ತಕವೇ. ಆದರೆ ಅದೇ ಸುತ್ತದಲ್ಲಿ ಗೆಳೆಯನ ವೇಷದ ಶತ್ರು ಯಾರು ಎಂದರೆ, ಸ್ವಲ್ಪ ಕೊಟ್ಟು ಬಹಳ ಬಯಸುವವನು. ಕೊಟ್ಟದ್ದನ್ನು ಯಾರ ಕಡೆಯಿಂದ ಲೆಕ್ಕ ಇಡುತ್ತೇವೆ ಎಂಬುದು ಇಲ್ಲಿ ಮುಖ್ಯ. ನಾನು ಪಡೆದದ್ದನ್ನು ಬರೆದಿಟ್ಟರೆ ಅದು ಕೃತಜ್ಞತೆ. ನಾನು ಕೊಟ್ಟದ್ದನ್ನು ಬರೆದಿಟ್ಟರೆ ವಸೂಲಿ. ಗಮನಿಸಿ, ಮದುವೆ ಮನೆಯ ಪುಸ್ತಕದಲ್ಲಿ ಇರುವುದು ಪಡೆದದ್ದರ ಪಟ್ಟಿ.

ಗೆಳೆತನದ ಮುಯ್ಯಿಗೆ ಪುಸ್ತಕವೂ ಬೇಕಿಲ್ಲ. 2025ರ ಮಾರ್ಚ್ 30ಕ್ಕೆ ಯುಗಾದಿ, 31ಕ್ಕೆ ಹೊಸತೊಡಕು, ಅದೇ ದಿನ ರಂಜಾನ್. ಭಾನುವಾರ ನಮ್ಮ ಒಬ್ಬಟ್ಟಿನ ಡಬ್ಬಿ ಹಿಂದಿನ ಬೀದಿಯ ಮುಸ್ಲಿಂ ಗೆಳತಿಯ ಮನೆಗೆ ಹೋಯಿತು. ಸೋಮವಾರ ಅದೇ ಡಬ್ಬಿ ಸುರ್ಕುಂಬಾ ತುಂಬಿಕೊಂಡು ಬಂತು. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂಬುದು ಎರಡೂ ಮನೆಯ ಶಾಸ್ತ್ರ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ. ಹೀಗೆ ಆ ಡಬ್ಬಿ ಯಾರದ್ದೆಂಬುದೇ ಈಗ ಮರೆತುಹೋಗಿದೆ. ಅವಳು ನಮ್ಮ ತಾರಸಿಯಲ್ಲಿ ಸಂಡಿಗೆ ಇಡಲು ಬರುತ್ತಾಳೆ, ನಮ್ಮ ಅತ್ತೆ ಮೊಮ್ಮಗನ ಜ್ವರಕ್ಕೆ ಹರಕೆ ಹೊತ್ತು ದರ್ಗಾಕ್ಕೆ ಹೋಗುತ್ತಾರೆ, ಬರುವಾಗ ಲಕ್ಷ್ಮೀನರಸಿಂಹನಿಗೂ ಕೈ ಮುಗಿದು ಬರುತ್ತಾರೆ. ನಾನು ಬುದ್ಧ ವಂದನೆ ಹೇಳುವಾಗ ಟಿವಿಯ ಸದ್ದು ಕಡಿಮೆ ಮಾಡುತ್ತಾರೆ, ಅದು ಅವರ ಕೊಡುಗೆ. ಇಲ್ಲಿ ಯಾರ ಬಾಕಿ ಎಷ್ಟು ಎಂದು ಕೇಳಿದರೆ ಎಲ್ಲರೂ ನಗುತ್ತಾರೆ.

ನಗು ನಿಲ್ಲುವುದು ನೆಂಟರ ವಿಷಯ ಬಂದಾಗ. ನಮ್ಮ ಅತ್ತೆಯ ತಂಗಿಯ ಮನೆಯವರು ಹತ್ತೊಂಬತ್ತು ವರ್ಷದ ಹಿಂದೆ ನಮ್ಮ ಮದುವೆಗೆ ನೂರಾ ಒಂದು ರೂಪಾಯಿ ಓದಿಸಿದ್ದರು. ಅದು ಅದಕ್ಕೂ ಹಿಂದೆ ಅವರ ಮದುವೆಗೆ ಇವರು ಓದಿಸಿದ್ದಷ್ಟೇ. ಒಂದು ರೂಪಾಯಿಯೂ ಹೆಚ್ಚಿಲ್ಲ. ಹೊರಗಿನವರಿಗೆ ಇದರಲ್ಲಿ ತಪ್ಪೇನು ಎನ್ನಿಸಬಹುದು. ನಮ್ಮಲ್ಲಿ ಸರಿಸಮ ಹಿಂದಿರುಗಿಸುವುದೆಂದರೆ ಲೆಕ್ಕ ಚುಕ್ತಾ, ಇನ್ನು ನಿಮಗೂ ನಮಗೂ ಏನಿಲ್ಲ ಎಂದ ಹಾಗೆ. ನೂರರ ಮೇಲಿನ ಆ ಒಂದು ರೂಪಾಯಿ ಇರುವುದೇ ಲೆಕ್ಕ ಮುಗಿಯದಿರಲಿ ಎಂದು. ಈಗ ಅವರ ಮೊಮ್ಮಗಳ ಮದುವೆ. ಅತ್ತೆಯ ಮಾತು ಸ್ಪಷ್ಟ: "ನಾವೂ ನೂರಾ ಒಂದೇ ಓದಿಸೋಣ ಕಣಮ್ಮ. ಅವರು ಮಾಡಿದ್ದೇ ಅವರಿಗೆ." ನಮ್ಮ ಯಜಮಾನರು, ಹೋಗುವುದೇ ಬೇಡ, ಫೋನ್‌ಪೇ ಮಾಡಿದರಾಯಿತು ಎಂದರು. (ಈಗ ಮುಯ್ಯಿ ಮೇಜಿನ ಮೇಲೂ ಕ್ಯೂಆರ್ ಕೋಡ್ ಬಂದಿದೆ. ಹೆಸರು ಕೂಗುವ ಗೋಜಿಲ್ಲ, ಮುಖ ನೋಡುವ ಗೋಜೂ ಇಲ್ಲ.)

ಹತ್ತೊಂಬತ್ತು ವರ್ಷದ ಮೇಲೆ ಅದೇ ನೂರಾ ಒಂದು ಅದೇ ನೂರಾ ಒಂದಲ್ಲ. ಅಂದು ಅದರಲ್ಲಿ ಒಂದು ಪಾತ್ರೆ ಬರುತ್ತಿತ್ತು. ಇಂದು ಅದು ಎಲ್ಲರೆದುರು ಹೆಸರು ಕೂಗಿಸಿ ಕೊಡುವ ಪೆಟ್ಟು. ಪದದ ಎರಡೂ ಅರ್ಥ ಒಂದೇ ಕವರಿನೊಳಗೆ ಕೂತಿವೆ. ಯುವಕ ಸುಡಬೇಕೆಂದ ಪುಸ್ತಕದಲ್ಲಿ ಈ ಅವಮಾನ ಎಲ್ಲೂ ಬರೆದಿಲ್ಲ. ಅಲ್ಲಿ ಬರೆದಿರುವುದು ಒಂದು ಸಂಖ್ಯೆ ಮಾತ್ರ. ಅವಮಾನಕ್ಕೆ ಅತ್ತೆಯ ಎದೆಯೇ ಪುಸ್ತಕ, ಅದನ್ನು ಸುಡುವ ಬೆಂಕಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಇಲ್ಲಿ ನೆನಪಾಗುವುದು ಸಂಯುತ್ತ ನಿಕಾಯದ ಭಾರದ್ವಾಜ ಬ್ರಾಹ್ಮಣನ ಪ್ರಸಂಗ. ಅವನ ಸಿಟ್ಟೂ ಮನೆಯದೇ. ತನ್ನ ಗೋತ್ರದವನೊಬ್ಬ ಸಂಘ ಸೇರಿದ್ದ ಎಂದು ರಾಜಗೃಹದ ವೇಳುವನಕ್ಕೆ ಬಂದು ಬಾಯಿಗೆ ಬಂದಂತೆ ಬೈದ. ಭಗವಾನರು ಕೇಳಿದ್ದು ಇಷ್ಟು: ನಿನ್ನ ಮನೆಗೆ ನೆಂಟರು ಬರುತ್ತಾರೆಯೇ, ಅವರಿಗೆ ಊಟ ಬಡಿಸುತ್ತೀಯೆ? ಅವರು ಅದನ್ನು ತೆಗೆದುಕೊಳ್ಳದಿದ್ದರೆ ಅದು ಯಾರದ್ದು? ನನ್ನದೇ ಎಂದ. ನಿನ್ನ ಬೈಗುಳವನ್ನೂ ನಾನು ತೆಗೆದುಕೊಳ್ಳುತ್ತಿಲ್ಲ ಎಂದರು. ಬೈದವನಿಗೆ ತಿರುಗಿ ಬೈಯುವುದೆಂದರೆ ಅವನೊಂದಿಗೆ ಕೂತು ಅದೇ ಎಲೆಯ ಊಟ ಉಂಡ ಹಾಗೆ. ಪ್ರೀತಿಯ ಮುಯ್ಯಿಗೂ ಸೇಡಿನ ಮುಯ್ಯಿಗೂ ವ್ಯತ್ಯಾಸ ಇರುವುದು ಇಲ್ಲಿ ಎಂದು ನನಗೆ ಕಾಣುತ್ತದೆ. ಉಡುಗೊರೆಯನ್ನು ಪಡೆದ ಮೇಲೆ ನಮ್ಮ ಮೇಲೆ ಋಣ ಬೀಳುತ್ತದೆ. ಅವಮಾನ ಪಡೆದದ್ದಕ್ಕೆ ಋಣವಿಲ್ಲ, ಅದನ್ನು ಹಿಂದಿರುಗಿಸಲೇಬೇಕು ಎಂದು ಯಾವ ಧಮ್ಮವೂ ಹೇಳಿಲ್ಲ.

ಇದನ್ನು ಇಲ್ಲಿಗೇ ಬಿಟ್ಟರೆ ಅಪಾಯವಿದೆ. 'ತೆಗೆದುಕೊಳ್ಳಬೇಡ, ಬಿಟ್ಟುಬಿಡು' ಎಂಬ ಮಾತನ್ನು ನಮ್ಮ ಸಮಾಜ ಸಾವಿರಾರು ವರ್ಷ ಹೇಳಿರುವುದು ಕೆಳಗಿರುವವರಿಗೆ, ಸೊಸೆಯರಿಗೆ, ಕೂಲಿಯವರಿಗೆ. ಬಾಬಾಸಾಹೇಬರ ನೆನಪು ಇರುವ ಬಳಗ ಇದನ್ನು ಕಣ್ಣುಮುಚ್ಚಿ ಒಪ್ಪಲಾಗದು. 1927ರ ಮಾರ್ಚ್ 20ರಂದು, ಇಂಥದೇ ಬೇಸಿಗೆಯ ಆರಂಭದಲ್ಲಿ, ಮಹಾಡ್‌ನ ಚೌದಾರ್ ಕೆರೆಯ ನೀರನ್ನು ಅವರು ತಮ್ಮ ಜನರೊಂದಿಗೆ ಕುಡಿದರು. ಹಿಂದಿರುಗುವಾಗ ಜನರ ಮೇಲೆ ದಾಳಿಯಾಯಿತು, ಕೆರೆಯನ್ನು 'ಶುದ್ಧಿ' ಮಾಡಲಾಯಿತು. ಜೊತೆಯಲ್ಲಿದ್ದವರಲ್ಲಿ ಸೈನ್ಯದಲ್ಲಿ ದುಡಿದು ಬಂದವರಿದ್ದರು, ತಿರುಗಿ ಹೊಡೆಯಲು ಶಕ್ತರಾಗಿದ್ದರು. ಬಾಬಾಸಾಹೇಬರು ತಡೆದರು. ಆದರೆ ಕೆರೆಯನ್ನು ಬಿಟ್ಟುಕೊಡಲಿಲ್ಲ. ನ್ಯಾಯಾಲಯದಲ್ಲಿ ಹೋರಾಡಿದರು, 1937ರಲ್ಲಿ ಬಾಂಬೆ ಹೈಕೋರ್ಟ್‌ನ ತೀರ್ಪು ಅವರ ಪರ ಬಂತು. ಹತ್ತು ವರ್ಷ. ಹೊಡೆತವನ್ನು ತೆಗೆದುಕೊಳ್ಳಲಿಲ್ಲ, ನೀರನ್ನು ಬಿಡಲಿಲ್ಲ.

ನಮ್ಮ ಬಳಗದ ಹಿರಿಯರೊಬ್ಬರು ಅಂದು ಕೊನೆಯಲ್ಲಿ ಒಂದು ವಿಷಯ ಹೇಳಿದರು. ಅವರ ಬಾಲ್ಯದಲ್ಲಿ ಊರಿನ ದೊಡ್ಡ ಮನೆಯ ಮದುವೆಗೆ ಅವರ ತಂದೆಯೂ ಮುಯ್ಯಿ ಕೊಡುತ್ತಿದ್ದರಂತೆ. ಹಣ ಮುಂಬಾಗಿಲಲ್ಲಿ ಸಲ್ಲುತ್ತಿತ್ತು, ಊಟ ಮಾತ್ರ ಹಿತ್ತಲಲ್ಲಿ, ಎಲ್ಲರದೂ ಆದ ಮೇಲೆ. ಹೋದ ವರ್ಷ ಅದೇ ಮನೆಯ ಮೊಮ್ಮಗನ ಮದುವೆಗೆ ಪತ್ರಿಕೆ ಬಂತು. ಮನೆಯಲ್ಲಿ ಮಕ್ಕಳು ಬೇಡವೆಂದರು. ಇವರು ಹೋದರು, ಐನೂರಾ ಒಂದು ಬರೆಸಿದರು, ಮೊದಲ ಪಂಕ್ತಿಯಲ್ಲಿ ಕೂತು ಹೋಳಿಗೆಗೆ ಎರಡು ಸಲ ತುಪ್ಪ ಹಾಕಿಸಿಕೊಂಡು ಉಂಡು ಬಂದರು. "ಅಪ್ಪನ ಮುಯ್ಯಿ ತೀರಿಸಿಕೊಂಡು ಬಂದೆ" ಎಂದರು ನಮಗೆ. ಯಾವ ಅರ್ಥದಲ್ಲಿ ಎಂದು ಯಾರೂ ಕೇಳಲಿಲ್ಲ. ಪುಸ್ತಕ ಸುಡಬೇಕೆಂದಿದ್ದ ಯುವಕನೂ ಸುಮ್ಮನಿದ್ದ.

ಅತ್ತೆಗೆ ಈ ಸಂಗತಿ ಹೇಳಿದೆ. ಸಂಡಿಗೆಯ ಹಿಟ್ಟು ಕಲಸುತ್ತಾ ಪೂರ್ತಿ ಕೇಳಿಸಿಕೊಂಡರು. "ಅವರದ್ದು ದೊಡ್ಡದು ಬಿಡಮ್ಮ, ನಮ್ಮದು ಬರೀ ನೂರು ರೂಪಾಯಿ ಜಗಳ" ಎಂದರು. ಮದುವೆ ಇದೇ ಭಾನುವಾರ, ಮರುದಿನ ಸೋಮವಾರ ಬುದ್ಧ ಪೂರ್ಣಿಮೆ. ತಂಗಿಯ ಮನೆಗೆ ಕೊಡಲು ಒಂದು ಡಬ್ಬಿ ಸಂಡಿಗೆ ಬೇರೆ ತೆಗೆದಿಟ್ಟಿದ್ದಾರೆ. ಕವರಿನಲ್ಲಿ ಎಷ್ಟು ಹಾಕಬೇಕು ಎಂಬ ಮಾತು ಇನ್ನೂ ಮುಗಿದಿಲ್ಲ.